ಹಳೇಕೋಟೆಯ ಗಿಣ್ಣು

ಹಾಸನ, ೧೦ ಜೂನ್ ೨೦೨೪

ಇವತ್ತಿನಿಂದ ಕೆಲವು ತಿಂಗಳು ನಾನು ಕರುಗಳ ಸಗಣಿ ಹೊತ್ತು ತಿರುಗುವ ಮನುಷ್ಯ. ಇದಕ್ಕೆ ಯೋಜನೆಯ ಮಂಜೂರಾತಿ ಇದೆ, ವಿಭಾಗದ ಮುಖ್ಯಸ್ಥರಾದ ಚಲುವನಾರಾಯಣ ಅವರ ಆಶೀರ್ವಾದವಿದೆ, ಕೆಮ್ಮುತ್ತ ಓಡುವ ಒಂದು ಹಳೆಯ ಜೀಪು ಮತ್ತು ಐಸ್ ಪೆಟ್ಟಿಗೆ ಇವೆ. ಜೊತೆಗೆ ವಿಶ್ವಾಸ್ ಎಂಬ ಸಂಶೋಧನಾ ಸಹಾಯಕನಿದ್ದಾನೆ. ಒಳ್ಳೆಯವನೇ, ಆದರೆ ಸಗಣಿ ಕಂಡರೆ ಮುಖ ಕಿವುಚುತ್ತಾನೆ. ಪಶುವೈದ್ಯ ಓದಿ ಸಗಣಿಗೆ ಹೇಸುವವನನ್ನು ಏನೆನ್ನಬೇಕೋ.

ಹುಟ್ಟಿದ ಕರುವಿನ ಹೊಟ್ಟೆ ಖಾಲಿ ಮನೆ. ಅಲ್ಲಿಗೆ ಮೊದಲ ವಾರದಲ್ಲಿ ಯಾವ ಸೂಕ್ಷ್ಮಾಣುಗಳು ಬಾಡಿಗೆಗೆ ಬರುತ್ತವೆ, ಯಾವುದು ಸಂಭಾವಿತ, ಯಾವುದು ಮನೆಹಾಳು, ಭೇದಿ ಹತ್ತಿ ಸಾಯುವ ಕರುಗಳ ಹೊಟ್ಟೆಯಲ್ಲಿ ಮೊದಲು ಬಂದು ಕೂತದ್ದು ಯಾವುದು, ಇಷ್ಟು ನಮಗೆ ತಿಳಿಯಬೇಕು. ಅದಕ್ಕಾಗಿ ಕಟ್ಟಾಯದಿಂದ ಹಳೇಕೋಟೆವರೆಗೆ, ಆ ಕಡೆ ಅರಕಲಗೂಡಿನವರೆಗೆ ಗಬ್ಬದ ಹಸುಗಳಿರುವ ಮನೆಗಳನ್ನು ಗೊತ್ತು ಮಾಡಿ ನಂಬರು ಹಾಕಿದ್ದೇವೆ. ಹಸು ಕರು ಹಾಕಿದರೆ ಅವರು ಫೋನ್ ಮಾಡಬೇಕು, ನಾವು ಓಡಬೇಕು.

ಚಲುವನಾರಾಯಣ ಸರ್ ಹೇಳಿರುವುದು ಒಂದೇ ಮಾತು. "ಉಪದೇಶ ಮಾಡಕೂಡದು ಕಣಯ್ಯ. ಅವರು ಹೇಗೆ ಸಾಕ್ತಾರೋ ಹಾಗೇ ಸಾಕಲಿ. ನೀನು ಬಾಯಿ ಹಾಕಿದರೆ ಡೇಟಾ ಕೆಡುತ್ತೆ." ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹೆಂಡತಿ ಗೌತಮಿಯನ್ನು ಕೇಳಿದರೆ ಹೇಳುತ್ತಾಳೆ. ಮದುವೆಯಾದ ಲಾಗಾಯ್ತು ಕೇಳಿಸಿಕೊಳ್ಳುತ್ತಿರುವುದು ಅವಳೇ.

ಹಾಸನ, ೨೬ ಜೂನ್

ಹಳೇಕೋಟೆಯ ಹದಿಮೂರನೆಯ ನಂಬರಿನ ಮನೆಯಿಂದ ಬೆಳಿಗ್ಗೆ ಫೋನ್ ಬಂತು. ಮನೆಯಾಕೆ ಬೆಟ್ಟಮ್ಮ. ಗಂಡ ತೀರಿಕೊಂಡಿದ್ದಾನೆ. ಮಗಳು ಶೋಭಿತಾ ಹೊಳೆನರಸೀಪುರದಲ್ಲಿ ಬಿ.ಎ. ಓದುತ್ತಾಳೆ. ಇರುವುದು ಒಂದೇ ಹಸು, ಅದಕ್ಕೆ ಇದು ಚೊಚ್ಚಲು. ನಿನ್ನೆ ಸಂಜೆ ಹೆಣ್ಣು ಕರು ಹಾಕಿದೆ. ಹಸು ತೀರಾ ಸಣ್ಣದು, ಕೆಚ್ಚಲೂ ಅಷ್ಟಕ್ಕಷ್ಟೆ. ಕರು ಮಾತ್ರ ಮುದ್ದಾಗಿದೆ, ಹಣೆಯ ಮೇಲೆ ಬಿಳಿ ಚುಕ್ಕೆ.

"ಇದು ನಮ್ ಶೋಭಿದು ಸಾ. ಇವಳ್ದು ಕಾಲೇಜು ಮುಗ್ಯೋ ಒತ್ಗೆ ಇದೂ ಕರ ಆಕ್ತದೆ" ಎಂದಳು ಬೆಟ್ಟಮ್ಮ. ಕರು ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಮೊಲೆ ಬದಲಾಯಿಸುತ್ತಿತ್ತು. ಚುರುಕಾದ ಕರು ಎಂದು ಬರೆದುಕೊಂಡೆ.

ಸಗಣಿಯ ಮಾದರಿ ತೆಗೆದು ಕೈ ತೊಳೆಯುವಾಗ ಬೆಟ್ಟಮ್ಮ ಬಾಗಿಲಲ್ಲಿ ನಿಂತು, "ಸಾ, ಗಿಣ್ಣು ಮಾಡಿವ್ನಿ" ಎಂದಳು. ಆಮೇಲೆ ನೆಲ ನೋಡುತ್ತ, "ನೀವು ನರಸೀಪುರದ ದೇವಸ್ಥಾನದ್ ಬೀದಿಯೋರಂತಲ್ಲಾ. ನಮ್ಮನೇಲಿ ತಿಂತೀರೋ ಇಲ್ವೋ" ಎಂದಳು.

ಬೀದಿಯಲ್ಲಿ ಆಗಲೇ ನಾಲ್ಕಾರು ಜನ ನಿಂತಿದ್ದರು. ಅವಳ ಮೈದುನ ಬೈರಯ್ಯನಂತೂ ಬಾಯಲ್ಲಿಟ್ಟ ಬೀಡಿ ಹಚ್ಚುವುದನ್ನು ಮರೆತು ನನ್ನ ಮುಖವನ್ನೇ ನೋಡುತ್ತಿದ್ದ. "ತಿನ್ನದೆ ಏನಮ್ಮ, ಬಡಿಸಿ" ಎಂದು ಒಳಗೆ ಹೋಗಿ, ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತುಬಿಟ್ಟೆ. ನಮ್ಮ ತಾತ ಈ ಬೀದಿಗೆ ಕಾಲಿಟ್ಟವರಲ್ಲ. ಅವರ ಮೊಮ್ಮಗ ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೇನೆ ಎಂದು ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ.

ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು. ಚಮಚ ತಗುಲಿದರೆ ಅಲುಗುತ್ತಿತ್ತು. ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದೆ. ಕೇಳಿದ್ದು ಹಸಿವಿಗಲ್ಲ, ಬಾಗಿಲಲ್ಲಿ ನೋಡುತ್ತಿದ್ದವರಿಗೆ. ಬೆಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಡುವಾಗ ಉಳಿದ ಗಿಣ್ಣನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ, "ಮನೇಲಿ ತಾಯೋರ್ಗೂ ಕೊಡಿ ಸಾ" ಎಂದು ಕೈಗಿತ್ತಳು.

ದಾರಿಯಲ್ಲಿ ಹೊಳೆನರಸೀಪುರದಲ್ಲಿ ಅಣ್ಣನ ಮನೆಗೆ ಹೋದೆ. ಅಮ್ಮ ಇರುವುದು ಅಲ್ಲೇ. ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಯಾರ ಮನೆಯದು, ಯಾವ ಬೀದಿಯದು ಎಂದು ಬಿಡಿಸಿ ಹೇಳಿದೆ. ಸಣ್ಣದೊಂದು ಯುದ್ಧಕ್ಕೆ ತಯಾರಾಗಿಯೇ ಬಂದಿದ್ದೆ. ಅಮ್ಮ ಮುಚ್ಚಳ ತೆಗೆದು ನೋಡಿ, "ಹದ ಚೆನ್ನಾಗಿದೆ ಕಣೋ. ಡಬ್ಬಿ ಬರಿದಾಗಿ ಕೊಡಬೇಡ, ಬೆಲ್ಲ ಹಾಕಿ ಕೊಡ್ತೀನಿ" ಎಂದರು. ತಾವು ತಿನ್ನಲಿಲ್ಲ, ಅಣ್ಣನ ಮಕ್ಕಳಿಗೆ ಬಡಿಸಿದರು. ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಭಾಷಣ ಹಾಗೇ ಉಳಿಯಿತು. ಸ್ವಲ್ಪ ನಿರಾಸೆಯೂ ಆಯಿತು.

ನಾಳೆ ಕರುವಿನ ರಕ್ತ ತೆಗೆಯಲು ವಿಶ್ವಾಸ್ ಹೋಗುತ್ತಾನೆ.

ಹಾಸನ, ೪ ಜುಲೈ

ಹದಿಮೂರನೆಯ ಮನೆಯ ಕರುವಿಗೆ ಭೇದಿ ಶುರುವಾಗಿದೆ. ಬಿಳಿ ನೀರು ನೀರು. ವಿಶ್ವಾಸ್ ದಿನವೂ ಹೋಗಿ ಮಾದರಿ ತರುತ್ತಿದ್ದುದರಿಂದ ಬೇಗ ತಿಳಿಯಿತು. ಔಷಧಿಯ ವಿಷಯದಲ್ಲಿ ಚಲುವನಾರಾಯಣ ಸರ್ ಅಡ್ಡಿ ಮಾಡಲಿಲ್ಲ. ಕಾಯಿಲೆ ಬಿದ್ದರೆ ನೋಡಲೇಬೇಕಲ್ಲ, ಅಷ್ಟು ಕಟುಕರಲ್ಲ ನಾವು. ಸಂಜೆ ನಾನೇ ಹೋಗಿ ಡ್ರಿಪ್ ಹಾಕಿದೆ.

ಹಾಸನ, ೫ ಜುಲೈ

ಕಣ್ಣು ಒಳಕ್ಕೆ ಹೋಗಿವೆ, ಕಿವಿ ತಣ್ಣಗಿವೆ. ಬೆಟ್ಟಮ್ಮ ಗೋಣಿಚೀಲ ಹೊದಿಸಿ ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಧೈರ್ಯ ಹೇಳುವ ಹೊತ್ತಿನಲ್ಲಿ ನನಗೆ ಡಬ್ಬಿ ನೆನಪಾಯಿತು. ಜೀಪಿನಿಂದ ತಂದುಕೊಟ್ಟೆ. ಒಳಗೆ ಅಮ್ಮ ಇಟ್ಟ ಬೆಲ್ಲದಚ್ಚು. ಅಂಥ ಹೊತ್ತಿನಲ್ಲೂ ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, "ತಾಯೋರು ತಿಂದ್ರಾ ಸಾ?" ಎಂದು ಕೇಳಿದಳು. ತಿಂದರು ಎಂದೆ.

ಹಾಸನ, ೬ ಜುಲೈ

ಬೆಳಿಗ್ಗೆ ಸತ್ತಿತು. ಕೊನೆಯ ಮಾದರಿ ತೆಗೆದುಕೊಂಡೆವು. ಶೋಭಿತಾ ಕಾಲೇಜಿಗೆ ಹೋಗಿರಲಿಲ್ಲ.

ಹಾಸನ, ೨೨ ಜುಲೈ

ಇವತ್ತು ಸಿಟ್ಟಿನಿಂದ ಊಟ ಸೇರಲಿಲ್ಲ.

ರಕ್ತದ ಫಲಿತಾಂಶ ಬಂದಿದೆ. ಕರು ಹುಟ್ಟುವಾಗ ತನ್ನದೆಂದು ರೋಗ ತಡೆಯುವ ಶಕ್ತಿಯನ್ನೇನೂ ತಂದಿರುವುದಿಲ್ಲ. ಅದೆಲ್ಲ ಇರುವುದು ತಾಯಿಯ ಮೊದಲ ಹಾಲಿನಲ್ಲಿ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಡಿದರೆ ಕುಡಿಯಿತು, ಒಂದು ದಿನ ಕಳೆದರೆ ಕರುಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಕೊಡ ಸುರಿದರೂ ಪ್ರಯೋಜನವಿಲ್ಲ. ಹದಿಮೂರನೆಯ ಮನೆಯ ಕರುವಿನ ರಕ್ತದಲ್ಲಿ ಆ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆಗೆ ಬಂದ ಮೊದಲ ಪುಂಡ ಸೂಕ್ಷ್ಮಾಣು ಅದನ್ನು ಮುಗಿಸಿದೆ.

ಅಂದರೆ ಆ ಹೆಂಗಸು ಗಿಣ್ಣುಹಾಲನ್ನೆಲ್ಲ ಹಿಂಡಿ ಬೀದಿಗೆ ಹಂಚಿದ್ದಾಳೆ. ಮಗಳಿಗೆಂದು ಸಾಕುವ ಕರುವಿನ ಬಾಯಿಂದ ಕಿತ್ತು ಊರಿಗೆಲ್ಲ ಸಿಹಿ ತಿನ್ನಿಸಿದ್ದಾಳೆ. ಇವರ ಧಾರಾಳತನಕ್ಕೆ ಏನು ಹೇಳುವುದು? ನಾವು ಉಪದೇಶ ಮಾಡಕೂಡದು ಸರಿ, ಇಷ್ಟು ಗೊತ್ತಾಗಬೇಡವೇ?

ಚಲುವನಾರಾಯಣ ಸರ್ ಮಾತ್ರ ಖುಷಿಯಾಗಿದ್ದಾರೆ. ಹುಟ್ಟಿನಿಂದ ಸಾವಿನವರೆಗೆ ಒಂದು ದಿನವೂ ತಪ್ಪದೆ ಮಾದರಿ ಸಿಕ್ಕಿರುವುದು ಇದೊಂದೇ ಕರುವಿನದು. "ಇಂಥದ್ದು ಹುಡುಕಿದರೂ ಸಿಗಲ್ಲ ಕಣಯ್ಯ ಮುರಳಿ. ನಿನ್ನ ಪ್ರಬಂಧಕ್ಕೆ ಇದೇ ಕಳಶ" ಎಂದು ಬೆನ್ನು ತಟ್ಟಿದರು. ನನಗೂ ಖುಷಿಯಾಯಿತು.

ಹಾಸನ, ೯ ಆಗಸ್ಟ್

ನರಸೀಪುರದ ಬಸ್ ನಿಲ್ದಾಣದ ಬಳಿ ಶೋಭಿತಾ ಕಂಡಳು. ಹಳೇಕೋಟೆ ಕಡೆಗೇ ಹೊರಟಿದ್ದೆ, ಜೀಪು ಹತ್ತಿಸಿಕೊಂಡೆ. ಇಪ್ಪತ್ತು ದಿನದಿಂದ ನಾಲಗೆಯ ತುದಿಯಲ್ಲಿದ್ದದ್ದನ್ನು ಅವಳ ಮುಂದೆ ಹೇಳಿಬಿಟ್ಟೆ. ಆ ಮನೆಯ ಮಾದರಿ ಹೇಗೂ ಮುಗಿದಿದೆ, ಇನ್ನು ಕೆಡಲು ಏನೂ ಉಳಿದಿಲ್ಲ. "ನೋಡಮ್ಮ, ನಿಮ್ಮವ್ವನಿಗೆ ಹೇಳು. ಮುಂದಿನ ಸಲ ಮೊದಲ ಹಾಲನ್ನು ಹಾಗೆ ಬೀದಿಗೆಲ್ಲ ಹಂಚಬಾರದು."

ಅವಳಿಗೆ ಅರ್ಥವಾಗಲಿಲ್ಲ. "ಬೀದಿಗೆಲ್ಲಿ ಹಂಚಿದ್ಲು ಸರ್? ಚಿಕ್ಕಪ್ಪನ ಮನೆಗೂ ಒಂದು ಲೋಟ ಕೊಡಲಿಲ್ಲ ಅಂತ ಚಿಕ್ಕಮ್ಮ ಇನ್ನೂ ಮುನಿಸಿಕೊಂಡವ್ರೆ. ಇದ್ದಿದ್ದೇ ಅಷ್ಟು ಹಾಲು. ರಾತ್ರಿದು, ಬೆಳಿಗ್ಗೆದು ಎರಡೂ ನಿಮ್ಗೇ ಅಂತ ಎತ್ತಿಟ್ಟಿದ್ಲು. ಗಿಣ್ಣು ಆಗೋವರೆಗೂ ನಿಮಗೆ ಫೋನ್ ಮಾಡಬೇಡ ಅಂದಿದ್ಲು. ನೀವು ಇನ್ನೊಂದ್ ತಟ್ಟೆ ಕೇಳಿದ್ದನ್ನ ಊರಲ್ಲಿ ಎಷ್ಟ್ ಜನಕ್ಕೆ ಹೇಳವ್ಳೋ."

ಹಳೇಕೋಟೆಯ ಹತ್ತಿರ ಅವಳನ್ನು ಇಳಿಸಿದೆ. "ಅವ್ವನಿಗೆ ಏನ್ ಹೇಳ್ಬೇಕಂದ್ರಿ ಸರ್?" ಎಂದು ಕೇಳಿದಳು. ಏನೂ ಇಲ್ಲ, ಬಿಡು ಎಂದೆ.

ಹಾಸನ, ೧೦ ಆಗಸ್ಟ್

ಎರಡು ತಟ್ಟೆ. ಒಂದು ಡಬ್ಬಿ. ಅಣ್ಣನ ಮಕ್ಕಳು ಡಬ್ಬಿಯದನ್ನು ಪೂರ್ತಿ ತಿನ್ನಲೂ ಇಲ್ಲ, ಉಳಿದದ್ದನ್ನು ಅತ್ತಿಗೆ ಸಿಂಕಿಗೆ ಸುರಿದರಂತೆ.

ಹಾಲು ಸಿಗದೆ ಮೊಲೆ ಬದಲಾಯಿಸುತ್ತಿತ್ತು ಕರು. ಚುರುಕು ಅಂತ ಬರೆದೆ.

ಹಾಸನ, ೪ ಸೆಪ್ಟೆಂಬರ್

ಹಳೇಕೋಟೆಗೆ ಹೋಗುವುದನ್ನು ವಿಶ್ವಾಸನ ಮೇಲೆ ಹಾಕಿ ಇಷ್ಟು ದಿನ ತಪ್ಪಿಸಿಕೊಂಡಿದ್ದೆ. ಇವತ್ತು ಅವನಿಗೆ ಜ್ವರ. ಬೈರಯ್ಯನ ಹಸು ಕರು ಹಾಕಿದೆ, ಹೋಗದೆ ವಿಧಿಯಿರಲಿಲ್ಲ.

ಬೈರಯ್ಯನದು ದೊಡ್ಡ ಹಸು, ನಾಲ್ಕನೆಯ ಸೂಲು. ಜೀಪಿನಿಂದ ಇಳಿಯುತ್ತಲೇ ಕೇಳಿದೆ: "ಕರು ಹಾಲು ಕುಡಿಯಿತೇನಯ್ಯ?"

"ಕುಡೀದೆ ಏನ್ ಸಾ? ಒಟ್ಟೆ ಬಿರಿಯಂಗೆ ಕುಡ್ದು ಮನಿಕ್ಕಂಡದೆ ನೋಡಿ. ಇನ್ನೂ ಒಂದು ಬಿಂದ್ಗೆ ಮಿಕ್ಕದೆ."

ನಿಜ. ಕರುವಿನ ಹೊಟ್ಟೆ ತಮಟೆಯ ಹಾಗಿತ್ತು. ಅಷ್ಟರಲ್ಲಿ ಬೆಟ್ಟಮ್ಮ ತಟ್ಟೆ ಹಿಡಿದು ಬಂದಳು. ಓರಗಿತ್ತಿಗೆ ಹದ ಬರುವುದಿಲ್ಲವೆಂದು ಗಿಣ್ಣನ್ನು ತಾನೇ ಮಾಡಿದ್ದಳಂತೆ. ಈ ಸಲ ತಿಂತೀರೋ ಇಲ್ಲವೋ ಎಂದು ಕೇಳಲಿಲ್ಲ. ಮನೆಯವರಿಗೆ ಕೊಡುವ ಹಾಗೆ ನೇರವಾಗಿ ಕೈಗೆ ಕೊಟ್ಟಳು. "ತಗಳಿ ಸಾ. ಇನ್ನೊಂದ್ ತಟ್ಟೆ ಕೇಳೋವರ್ಗೂ ಕಾಯಾಕಿಲ್ಲ, ಈಗ್ಲೇ ಜಾಸ್ತಿ ಆಕಿವ್ನಿ."

ನನ್ನ ಕೈ ಹಿಂದಕ್ಕೆ ಬಂತು. ತಟ್ಟೆಯಲ್ಲಿ ಗಿಣ್ಣು ಅಲುಗುತ್ತಿತ್ತು. "ಬೇಡಮ್ಮ" ಎಂದೆ. ಅವಳು ನಗುತ್ತಲೇ ನಿಂತಿದ್ದಳು, ತಮಾಷೆ ಅಂದುಕೊಂಡಳೋ ಏನೋ. "ನನಗೆ ಶುಗರ್ ಬಂದಿದೆ. ಡಾಕ್ಟರು ಸಿಹಿ ಮುಟ್ಟಬೇಡಿ ಅಂದಿದ್ದಾರೆ" ಎಂದೆ.

"ಅಯ್ಯೋ, ಇಷ್ಟ್ ಚಿಕ್ಕ್ ವಯಸ್ಗೇ!" ಎಂದಳು. ತಟ್ಟೆ ಒಳಗೆ ಹೋಯಿತು. ಲೋಟದಲ್ಲಿ ನೀರು ತಂದುಕೊಟ್ಟಳು. ಮೆಂತ್ಯದ ನೀರು ಕುಡಿಯಬೇಕೆಂದು ಜೀಪಿನವರೆಗೂ ಹೇಳುತ್ತ ಬಂದಳು.

ತಿನ್ನಬಹುದಾಗಿದ್ದ ಗಿಣ್ಣು ಇದು. ಕರುವಿಗೆ ಬಿಟ್ಟು ಮಿಕ್ಕದ್ದು. ಯಾಕೆ ಬೇಡವೆಂದೆನೋ. ಗೌತಮಿಗೆ ಹೇಳಿದರೆ, "ಹಾಗಾದರೆ ನಾಳೆಯಿಂದ ಕಾಫಿಗೆ ಸಕ್ಕರೆ ಹಾಕಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅರಕಲಗೂಡು, ೩ ಅಕ್ಟೋಬರ್

ಇಲ್ಲಿ ಹೈನುಗಾರರ ಸಭೆ. ಮಾದರಿ ತೆಗೆಯುವ ಕೆಲಸ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಮುಗಿದಿರುವುದರಿಂದ ಉಪದೇಶಕ್ಕೆ ಈಗ ಪರವಾನಗಿ ಇದೆ. ಮೊದಲ ಹಾಲು ಕರುವಿಗೆ ಎಂಬ ವಿಷಯದ ಮೇಲೆ ಮಾತಾಡಲು ಬರೆದುಕೊಂಡು ಹೋಗಿದ್ದೆ. ವೇದಿಕೆ ಹತ್ತಿ ನೋಡಿದರೆ ಮೂರನೆಯ ಸಾಲಿನಲ್ಲಿ ಬೆಟ್ಟಮ್ಮ, ಹಳೇಕೋಟೆಯ ಹೆಂಗಸರ ಜೊತೆ. ಹಾಲಿನ ಡೇರಿಯವರು ವ್ಯಾನ್ ಮಾಡಿ ಕರೆತಂದಿದ್ದರಂತೆ.

ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ಮಾತಾಡಿ ಇಳಿದೆ. ಗಿಣ್ಣಿನ ಮಾತು ಎತ್ತಲಿಲ್ಲ. ಅದಕ್ಕೆ ಇನ್ನೊಂದು ಸಭೆ ಮಾಡಿದರಾಯಿತು.

ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿದ್ದವರಿಗೆ ಜಹಾಂಗೀರು, ಖಾರಾಬೂಂದಿ ಕೊಟ್ಟರು. ತಿನ್ನುತ್ತ ಬೆಟ್ಟಮ್ಮನ ಕಡೆ ಕೈ ಬೀಸಿದೆ. ಅವಳು ನೋಡಿಯೂ ನೋಡದ ಹಾಗೆ ಪಕ್ಕದವಳ ಕಡೆ ತಿರುಗಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೋ ಏನೋ.

ಹಾಸನ, ೨೪ ಅಕ್ಟೋಬರ್

ಹಳೇಕೋಟೆಯಲ್ಲಿ ಲಸಿಕೆ ಹಾಕಿದೆವು. ಬೆಟ್ಟಮ್ಮನ ಹಸುವಿಗೂ ಹಾಕಿದೆ, ಚೆನ್ನಾಗಿದೆ. ಹೊರಗೆ ಹೊಂಗೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದನ್ನು ಒರೆಸಿ ಕೂರಿಸಿದಳು. ಒಳ್ಳೆಯ ಗಾಳಿ. ಶೋಭಿತಾ ಅಂಗಡಿಗೆ ಓಡಿಹೋಗಿ ಸೀಲು ಒಡೆಯದ ನೀರಿನ ಬಾಟಲು ತಂದುಕೊಟ್ಟಳು. ಪಾಪ, ನನಗೋಸ್ಕರ ಇಷ್ಟೊಂದು ಮುತುವರ್ಜಿ. ವಿಶ್ವಾಸ್ ಬಾಗಿಲಲ್ಲಿದ್ದ ಕೊಡದಿಂದ ಲೋಟ ಅದ್ದಿ ಕುಡಿದ. ಬೆಟ್ಟಮ್ಮ ಹೆಚ್ಚು ಮಾತಾಡಲಿಲ್ಲ. ಕೆಲಸದ ಹೊತ್ತು.

ಹಾಸನ, ೨೭ ಅಕ್ಟೋಬರ್

ನರಸೀಪುರಕ್ಕೆ ಹೋಗಿದ್ದೆ. ಮಾತಿಗೆ ಮಾತು ಬಂದು ಅಮ್ಮನಿಗೆ ಬಾಟಲಿನ ವಿಷಯ ಹೇಳಿದೆ. ಎಷ್ಟು ಆದರ ನೋಡಮ್ಮ ಎಂದೆ.

ಅಮ್ಮ ಹೂ ಕಟ್ಟುತ್ತ ಕೂತಿದ್ದರು. ದಾರ ಬಿಗಿದು ಹೇಳಿದರು: "ಆದರ ಅಲ್ಲ ಕಣೋ. ನಿನ್ನನ್ನ ಹೊರಗೆ ಕೂರಿಸಿದಾರೆ. ನಿನ್ನ ತಾತ ಊರೂರಿಗೆ ಪಂಚಾಂಗ ಹೇಳೋಕೆ ಹೋದಾಗ ಜನ ಹೀಗೇ ಕುರ್ಚಿ ಒರೆಸಿ, ಎಳನೀರು ಕೊಚ್ಚಿ ಕೊಡ್ತಿದ್ದರು. ಲೋಟದಲ್ಲಿ ನೀರು ಕೊಡ್ತಿರಲಿಲ್ಲ. ಕೊಟ್ಟರೆ ಇವರು ಕುಡಿಯಲ್ಲ ಅಂತ ಗೊತ್ತಲ್ಲ. ಕೊಟ್ಟು ಬೇಡ ಅನ್ನಿಸಿಕೊಳ್ಳೋದಕ್ಕಿಂತ ಕೊಡದೇ ಇರೋದು ವಾಸಿ ಅಂತ." ಹೂವಿನಿಂದ ತಲೆ ಎತ್ತಿ, "ನೀನು ಅವರ ಮನೇಲಿ ಏನಾದರೂ ಬೇಡ ಅಂದೆಯಾ?" ಎಂದು ಕೇಳಿದರು.

ಅಂದೆ. ಶುಗರ್ ಅಂದೆ. ಆಮೇಲೆ ಅರಕಲಗೂಡಿನಲ್ಲಿ ಅವರ ಕಣ್ಣೆದುರಿಗೇ ಕೂತು ಜಹಾಂಗೀರು ತಿಂದೆ.

ಅಮ್ಮನಿಗೆ ಎಲ್ಲ ಹೇಳಿದೆ, ಕರುವಿನದೂ. ಅಮ್ಮ ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಸುತ್ತಿಟ್ಟರು. ಆಮೇಲೆ, "ಅವತ್ತು ನಾನೂ ಒಂದು ಚಮಚ ಬಾಯಿಗೆ ಹಾಕಿಕೊಳ್ಳಬಹುದಿತ್ತು" ಎಂದರು.

ಹಾಸನ, ೩೧ ಅಕ್ಟೋಬರ್

ಹೋಗಿ ಹೇಳಬೇಕು. ಆದರೆ ಏನಂತ? ಜಾತಿಗಾಗಿ ಬೇಡ ಅನ್ನಲಿಲ್ಲಮ್ಮ, ನೀನು ಪ್ರೀತಿಯಿಂದ ಬಡಿಸಿದ್ದೇ ನಿನ್ನ ಕರುವಿನ ಜೀವ ತೆಗೆಯಿತು ಅಂತಲೇ? ಒಂದು ನೋವು ಇಳಿಸಲು ಇನ್ನೊಂದು ಹೊರಿಸಿದಂತಾಗುತ್ತದೆ. ಸುಮ್ಮನಿದ್ದರೆ ಆಕೆ ಕರುವಿನ ಪಾಪದಿಂದಲಾದರೂ ದೂರ ಉಳಿಯುತ್ತಾರೆ.

ಹೀಗೆ ಯೋಚಿಸುವುದು ಅವರ ಹಿತಕ್ಕೋ ನನ್ನ ಹಿತಕ್ಕೋ ಎಂದು ಗೌತಮಿ ಕೇಳಿದಳು.

ಚನ್ನರಾಯಪಟ್ಟಣ, ೧೫ ನವೆಂಬರ್

ಇಲ್ಲಿನ ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಎಲ್ಲರೂ ನೋಡಿದ್ದು ಒಂದೇ ಗೆರೆಯನ್ನು. ಬಿಳಿ ಪರದೆಯ ಮೇಲೆ ಪುಂಡ ಸೂಕ್ಷ್ಮಾಣುಗಳ ಲೆಕ್ಕ ತೋರಿಸುವ ಕೆಂಪು ಗೆರೆ, ಮೊದಲೆರಡು ದಿನ ತಗ್ಗಿ, ಆಮೇಲೆ ಏರಿ ಏರಿ, ಹನ್ನೊಂದನೆಯ ದಿನ ನಿಂತುಬಿಡುತ್ತದೆ. ಅದು ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕರು.

ಹಿರಿಯರೊಬ್ಬರು ಎದ್ದು ಕೇಳಿದರು: "ಈ ಕರುವಿಗೆ ಮೊದಲ ಹಾಲು ಯಾಕೆ ಸಿಕ್ಕಿರಲಿಲ್ಲ?"

"ರೈತರಲ್ಲಿ ಇರುವ ಆಚರಣೆ ಸರ್. ಗಿಣ್ಣು ಮಾಡಿ ಹಂಚುತ್ತಾರೆ" ಎಂದೆ. ಸಭೆಯಲ್ಲಿ ಅಯ್ಯೋ ಪಾಪ, ತಿಳಿವಳಿಕೆ ಇಲ್ಲದ ಜನ ಎಂಬಂತೆ ಒಂದು ನಗು ಹರಿಯಿತು. ಚಲುವನಾರಾಯಣ ಸರ್ ಕೂಡ ನಕ್ಕರು. ಮೈಕಿನ ಮುಂದೆ ನಿಂತು ನಾನೂ ನಕ್ಕೆ. ನಕ್ಕದ್ದು ಈಗಲೂ ಮುಖದಿಂದ ಹೋಗಿಲ್ಲ ಅನಿಸುತ್ತಿದೆ. ನಾಚಿಕೆಯಾಗುತ್ತದೆ.

ಹಾಸನ, ೧೭ ನವೆಂಬರ್

ಭಾನುವಾರ. ಜೀಪಿಲ್ಲದೆ ಬಸ್ಸಿನಲ್ಲಿ ಹಳೇಕೋಟೆಗೆ ಹೋದೆ. ಬೆಟ್ಟಮ್ಮನವರು ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡು, "ಶೋಭೀ, ಕುರ್ಚಿ ತತ್ತಾ. ಅಂಗೇ ಅಂಗ್ಡಿಗೆ ಓಗಿ..." ಎನ್ನುತ್ತಿದ್ದರು. ಬೇಡ ಎಂದು ಅಲ್ಲೇ ಕಲ್ಲಿನ ಮೇಲೆ ಕೂತೆ. ಬೇಡ ಎಂಬ ಮಾತು ಮತ್ತೆ ಬಾಯಿಗೆ ಬಂದದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಹೇಳಿದೆ. ಶುಗರ್ ಸುಳ್ಳು ಎಂದೆ. ಮೊದಲ ಹಾಲಿನಲ್ಲಿ ಏನಿರುತ್ತದೆ, ಅದು ಸಿಗದ ಕರುವಿಗೆ ಏನಾಗುತ್ತದೆ, ಆ ಕರುವಿನ ರಕ್ತದಲ್ಲಿ ಏನಿರಲಿಲ್ಲ ಎಲ್ಲವನ್ನೂ ಹೇಳಿದೆ. "ನಿಮಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಚ್ಚಲು ನೋಡಲಿಲ್ಲ, ತಟ್ಟೆ ನೋಡಿದೆ. ತಪ್ಪು ನನ್ನದು" ಎಂದೆ.

ಬೆಟ್ಟಮ್ಮನವರು ಹಸುವಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಅಂಗಂದ್ರೆ ನಾನ್ ನಿಮ್ಗೆ ಇಕ್ಕಿದ್ದು ಅದ್ರ ಪಾಲು" ಎಂದರು.

ಹೌದು ಎಂದೆ.

"ಅದು ಗುದ್ಕಂಡು ಗುದ್ಕಂಡು ಕೇಳ್ತಿತ್ತು ಸಾ. ಇರು ಮಗ, ಸಾಹೇಬ್ರು ಬತ್ತಾರೆ, ನಿಂಗೆ ಆಮ್ಯಾಕೆ ಅಂತಿದ್ದೆ." ಅಷ್ಟು ಹೇಳಿ ಅತ್ತರು. ಶೋಭಿತಾ ಬಂದು ಪಕ್ಕದಲ್ಲಿ ನಿಂತಳು. ನಾನು ತಲೆ ತಗ್ಗಿಸಿಕೊಂಡಿದ್ದೆ. ಹಸು ಒದ್ದೆ ಬಾಲ ಬೀಸಿದಾಗ ನೀರು ನನ್ನ ಮೇಲೂ ಅವರ ಮೇಲೂ ಬಿತ್ತು.

ಅಳು ನಿಂತ ಮೇಲೆ ಕೇಳಿದರು. "ನಿಮ್ಗೆ ಇದು ಯಾವಾಗ್ ಗೊತ್ತಾಯ್ತು ಸಾ?"

"ಆಗಸ್ಟಿನಲ್ಲಿ."

ಅವರು ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದರು. "ಅಂದ್ರೆ ಬೈರಯ್ಯನ್ ಮನೇಲಿ ತಟ್ಟೆ ಇಡ್ದಾಗ ಕೈ ಇಂದಕ್ಕೆ ಎಳ್ಕಂಡ್ರಲ್ಲಾ, ಅದು ಇದುಕ್ಕೇಯಾ?"

"ಇದಕ್ಕೇ. ಬೇರೆ ಏನೂ ಅಲ್ಲ. ಆಣೆಗೂ ಬೇರೆ ಏನೂ ಅಲ್ಲ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಬೆಟ್ಟಮ್ಮನವರು ನನ್ನ ಮುಖವನ್ನು ನೇರವಾಗಿ ನೋಡಿದರು. ಇಷ್ಟು ದಿನದ ಪರಿಚಯದಲ್ಲಿ ಹಾಗೆ ನೋಡಿದ್ದು ಇದೇ ಮೊದಲು.

"ಅವತ್ತೇ ಏಳ್ಬುಟ್ಟಿದ್ರೆ ಕರಕ್ಕೆ ಅಂತ ಅತ್ತು ಸುಮ್ಕಾಗ್ಬುಡ್ತಿದ್ದೆ ಸಾ" ಎಂದರು. "ಇಷ್ಟ್ ದಿನ ನಾವ್ ಉಟ್ಟಿದ್ ಜಾತಿಗೆ ಅಂತ ಅತ್ತೆ."

ಆಮೇಲೆ ಬಕೆಟ್ ಎತ್ತಿಕೊಂಡು, ಹಸುವಿನ ಇನ್ನೊಂದು ಮಗ್ಗುಲು ತೊಳೆಯಲು ಆ ಕಡೆ ಹೋದರು. ನಾನು ಕೂತೇ ಇದ್ದೆ. ಬಸ್ಸಿಗೆ ಹೊತ್ತಾಯಿತೆಂದು ಶೋಭಿತಾ ನೆನಪಿಸಿದಳು.

ಅವರ ಮನೆಯ ಲೋಟದಲ್ಲಿ ನೀರು ಕೇಳಿ ಕುಡಿದು ಬರಬೇಕೆಂದು ಹೊರಡುವಾಗಲೇ ಅಂದುಕೊಂಡಿದ್ದೆ. ಕೇಳಲು ಬಾಯಿ ಬರಲಿಲ್ಲ.